ಹದಿನಾಲ್ಕನೆಯ ಪುಟ

ಒಡೆಯರಪಾಳ್ಯ
9 ಮಾರ್ಚ್ 1994

ಸ್ನಾತಕೋತ್ತರ ಕೇಂದ್ರದ ಸೂಪರಿಂಟೆಂಡೆಂಟ್ ಶಿವರುದ್ರಸ್ವಾಮಿ ಸಾಹೇಬರಿಗೆ,

ಹತ್ತು ವರ್ಷದ ಮೇಲೆ ನಿನ್ನ ಹೆಸರಿಗೇ ಬಂದ ನನ್ನ ಕಾಗದ ನೋಡಿ ನಿನ್ನ ಎಡಗೆನ್ನೆ ಚುರುಗುಟ್ಟಿರಬಹುದು. ಚುರುಗುಟ್ಟಲಿ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅವತ್ತು ನಿನಗೆ ಹೊಡೆದದ್ದಕ್ಕೆ ನಾನು ಇವತ್ತಿಗೂ ಕ್ಷಮೆ ಕೇಳುವವನಲ್ಲ. ಹನೂರಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಎಂ.ಎ. ಪರೀಕ್ಷೆ ಕಟ್ಟುವ ಅರ್ಜಿಯನ್ನು ಎದೆಗವಚಿಕೊಂಡು ನಾಲ್ಕು ಮೈಲಿ ಓಡಿ ಬಂದಿದ್ದೆ. ಕಾಲೇಜಿನ ದಿನಗಳಲ್ಲಿ ನನ್ನ ಜೊತೆ ಒಂದೇ ಚಾಪೆಯಲ್ಲಿ ಮಲಗಿದ್ದ ನೀನು, ಮನೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದವನು, ಗಡಿಯಾರ ತೋರಿಸಿ, 'ಐದು ಗಂಟೆ ಇಪ್ಪತ್ತು ನಿಮಿಷ ಆಯ್ತು ಗುರುಸಿದ್ದಯ್ಯ, ರಿಜಿಸ್ಟರ್ ಮುಚ್ಚಿದೀನಿ' ಅಂದೆ. ಆ ರಿಜಿಸ್ಟರ್ ಮುಚ್ಚಿದ್ದು ಮುಚ್ಚಿದ್ದೇ. ನಾನು ಪ್ರೈಮರಿ ಶಾಲೆಯ ಮೇಷ್ಟ್ರಾಗಿಯೇ ಮುದುಕನಾಗುತ್ತಿದ್ದೇನೆ.

ಈಗ ಬರೆಯುತ್ತಿರುವುದು ನನಗಾಗಿ ಅಲ್ಲ. ನನ್ನ ಮಗ ಮಲ್ಲಿಕಾರ್ಜುನಸ್ವಾಮಿ ನಿಮ್ಮ ಕೇಂದ್ರದಲ್ಲೇ ಎಂ.ಎ. ಎರಡನೇ ವರ್ಷದಲ್ಲಿದ್ದಾನೆ, ನಿಮ್ಮದೇ ಹಾಸ್ಟೆಲಿನಲ್ಲಿದ್ದಾನೆ. ನೀನು ಹೆಗಲ ಮೇಲೆ ಹೊತ್ತು ತಿರುಗಿದ ಮಗು ಅದು. ಎರಡು ವರ್ಷದಿಂದ ನಿನ್ನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು 'ಸರ್' ಅನ್ನುತ್ತಿದ್ದಾನೆ. ನಿನಗೂ ಗೊತ್ತು, ಅವನಿಗೂ ಗೊತ್ತು, ಇಬ್ಬರೂ ಬಾಯಿ ಬಿಟ್ಟಿಲ್ಲ.

ಸಂಕ್ರಾಂತಿಗೆಂದು ಊರಿಗೆ ಬಂದವನಿಗೆ ಜ್ವರ ಹಿಡಿಯಿತು, ಇಲ್ಲೇ ಉಳಿದ. ಫೆಬ್ರುವರಿ ಮೂರರ ಬೆಳಿಗ್ಗೆ ಜಗಲಿಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದ. ಕಾಡುಗಳ್ಳರನ್ನು ಹಿಡಿಯಲು ಬಂದು ಬೀಡುಬಿಟ್ಟಿದ್ದಾರಲ್ಲ, ಆ ಕ್ಯಾಂಪಿನ ಪೊಲೀಸರ ಜೀಪು ಮನೆಮುಂದೆ ನಿಂತಿತು. ಒಬ್ಬ ಕೈಯಲ್ಲಿದ್ದ ಕಾಗದ ನೋಡಿ ಹೆಸರು ಕೇಳಿದ. ಇವನು ಹೇಳಿದ. ಗಂಜಿಯ ತಟ್ಟೆಯನ್ನು ಬೂಟುಗಾಲಲ್ಲಿ ಒದ್ದರು, ಕೂದಲು ಹಿಡಿದು ಜೀಪಿಗೆ ಎಳೆದರು. ಅಡ್ಡ ಹೋದ ನನ್ನ ಹೆಂಡತಿ ಚಿಕ್ಕಬಸಮ್ಮನ ಎದೆಗೆ ಬಂದೂಕಿನ ಹಿಂಬದಿಯಿಂದ ತಿವಿದರು. ಇವತ್ತಿಗೂ ಅವಳು ದೊಡ್ಡ ಉಸಿರು ತೆಗೆದರೆ ಮುಖ ಕಿವುಚುತ್ತಾಳೆ. ನಾನು ಏನು ಮಾಡಿದೆ ಗೊತ್ತೆ? ಕೈಮುಗಿದೆ. ನಿನಗೆ ಹೊಡೆದ ಕೈಯೇ.

ಹತ್ತೊಂಬತ್ತು ದಿನ ಇಟ್ಟುಕೊಂಡಿದ್ದರು. ಇಪ್ಪತ್ತೆರಡನೇ ತಾರೀಖು ಮಧ್ಯಾಹ್ನ ಹನೂರಿನ ರಸ್ತೆಯಲ್ಲಿ ಜೀಪಿನಿಂದ ತಳ್ಳಿ ಹೋದರು. ಕೇಸಿಲ್ಲ, ಕಾಗದವಿಲ್ಲ, ಏನೂ ಇಲ್ಲ. ಮೊನ್ನೆ ಹಾಲ್ ಟಿಕೆಟಿಗೆ ಕೊಳ್ಳೇಗಾಲಕ್ಕೆ ಬಂದರೆ ನಿಮ್ಮ ಗುಮಾಸ್ತ ಹಾಜರಾತಿ ಸಾಲದು ಎಂದು ವಾಪಸ್ಸು ಕಳಿಸಿದ್ದಾನೆ. ಈ ಪರೀಕ್ಷೆ ತಪ್ಪಿದರೆ ಹುಡುಗ ತಿರುಗಿ ಓದುವುದಿಲ್ಲ. ಅವನ ಕಣ್ಣು ನೋಡಿದರೆ ನನಗೆ ಭಯವಾಗುತ್ತದೆ. ದಾರಿ ಇದ್ದರೆ ತಿಳಿಸು. ಇಲ್ಲದಿದ್ದರೆ ಇಲ್ಲ ಎಂದಾದರೂ ಒಂದು ಸಾಲು ಗೀಚು.

ಗುರುಸಿದ್ದಯ್ಯ

*

ಮಾಂಬಳ್ಳಿ
14 ಮಾರ್ಚ್ 1994

ಗುರುಸಿದ್ದಯ್ಯ,

ನಿನ್ನ ಕಾಗದವನ್ನು ಎರಡು ಸಲ ಓದಿದೆ, ಮೂರನೇ ಸಲಕ್ಕೆ ಆಗಲಿಲ್ಲ. ಎಡಗೆನ್ನೆ ಚುರುಗುಟ್ಟಲು ಅಲ್ಲಿ ಹಲ್ಲೇ ಇಲ್ಲ. ನೀನು ಅಲ್ಲಾಡಿಸಿದ್ದು ವಾರದೊಳಗೆ ಬಿತ್ತು. ಆ ಮಾತು ಹಾಗಿರಲಿ.

ದಾರಿ ಇದೆ. ಪರೀಕ್ಷೆಗೆ ಕೂರಲು ನೂರಕ್ಕೆ ಎಪ್ಪತ್ತೈದು ಹಾಜರಾತಿ ಬೇಕು. ಮಲ್ಲಿಕಾರ್ಜುನನದು ಅರವತ್ತಾರು ಇದೆ. ಅರವತ್ತೈದರ ತನಕ ಮನ್ನಾ ಮಾಡುವ ಅಧಿಕಾರ ನಮ್ಮ ನಿರ್ದೇಶಕರಿಗಿದೆ. ಆದರೆ ಅದಕ್ಕೆ ನಿಗದಿತ ನಮೂನೆಯಲ್ಲಿ ಅರ್ಜಿ ಬೇಕು, ತಂದೆಯ ಸಹಿ ಬೇಕು, ಗೈರುಹಾಜರಿಗೆ ಕಾರಣ ಬೇಕು, ಕಾರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಪರೀಕ್ಷೆ ಏಪ್ರಿಲ್ ಇಪ್ಪತ್ತೈದಕ್ಕೆ ಶುರು. ಅರ್ಜಿ ಇಪ್ಪತ್ತರೊಳಗೆ ನನ್ನ ಕೈ ಸೇರಬೇಕು. ಐದು ಗಂಟೆಯೊಳಗೆ ಎಂದು ಬರೆದರೆ ನೀನು ಹಲ್ಲು ಕಡಿಯುತ್ತೀಯ, ಆದರೂ ಬರೆದಿದ್ದೇನೆ.

ಇನ್ನು ಕಾರಣದ ಮಾತು. ಪೊಲೀಸರು ಹಿಡಿದಿದ್ದರು ಎಂದು ಬರೆಯಬೇಡ. ಬರೆದರೆ ಠಾಣೆಯಿಂದ ದೃಢೀಕರಣ ತನ್ನಿ ಅನ್ನುತ್ತಾರೆ. ಹಿಡಿದೇ ಇಲ್ಲ ಎಂದು ಠಾಣೆ ಹೇಳುತ್ತದೆ. ಆಗ ಹುಡುಗ ಸುಳ್ಳು ಅರ್ಜಿ ಕೊಟ್ಟ ಎಂದು ಇನ್ನೊಂದು ಕಡತ ಹುಟ್ಟುತ್ತದೆ. ಇಪ್ಪತ್ತು ವರ್ಷದಿಂದ ನೋಡಿದ್ದೇನೆ, ಸತ್ಯ ಬರೆದ ಅರ್ಜಿ ನಮ್ಮಲ್ಲಿ ಮೇಜಿನಿಂದ ಮೇಜಿಗೆ ಓಡಾಡುತ್ತದೆ, ಬಾಗಿಲು ದಾಟುವುದಿಲ್ಲ. ಕಾಮಾಲೆ ಎಂದು ಬರೆ. ಕಾಮಾಲೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಕೊಳ್ಳೇಗಾಲದಲ್ಲಿ ಪ್ರಮಾಣಪತ್ರ ಕೊಡುವ ಡಾಕ್ಟರು ಸಿಗುತ್ತಾರೆ.

ಪರೀಕ್ಷಾ ನಿಯಮಾವಳಿಯ ಪುಸ್ತಕವನ್ನು ಇದರ ಜೊತೆ ಅಂಚೆಯಲ್ಲಿ ಹಾಕಿದ್ದೇನೆ. ಹುಡುಗ ಓದಿಕೊಳ್ಳಲಿ. ನಮ್ಮ ಕಛೇರಿಯಲ್ಲಿ ನಿಯಮ ಗೊತ್ತಿಲ್ಲದವನ ಗತಿ ದೇವರಿಗೇ ಪ್ರೀತಿ.

ಚಿಕ್ಕಬಸಮ್ಮನವರಿಗೆ ನನ್ನ ನಮಸ್ಕಾರ ತಿಳಿಸು.

ಶಿವರುದ್ರಸ್ವಾಮಿ

*

ಒಡೆಯರಪಾಳ್ಯ
17 ಮಾರ್ಚ್ 1994

ಶಿವರುದ್ರ,

ನಿನ್ನ ಕಾಗದವನ್ನು ಮಲ್ಲಿಯೇ ಓದಿದ. ಓದಿ ಮಡಿಸಿಟ್ಟು ಹೇಳಿದ: 'ಅಪ್ಪ, ನಂಗ ಕಾಮಾಲೆ ಬಂದಿರ್ನಿಲ್ಲ. ನನ್ನ ಒಡುದ್ರು. ಒಡುದ್ರು ಅಂತ ಬರ್ದ್ರ ಬರಿ, ಇಲ್ದಿದ್ರ ಬುಟ್ಬುಡು.' ಇವರವ್ವ, 'ಬದುಕ್ಕಂಡು ಬಂದಿದ್ದೀಯಲ್ಲ ಕೂಸೆ, ಯಾನಾರ ಬರ್ದ್ಕಳ್ಳಿ' ಎಂದು ಗೋಗರೆದಳು. ಅವನು ಗೋಡೆ ಕಡೆ ತಿರುಗಿ ಮಲಗಿದ.

ನಿನ್ನೆಯವರೆಗೆ ಅವನು ನನಗೆ ಏನೂ ಹೇಳಿರಲಿಲ್ಲ. ಕಾಮಾಲೆ ಅನ್ನುವ ಮಾತು ಕೇಳಿ ಸಿಟ್ಟು ಬಂತೋ ಏನೋ, ಹೇಳಿದ. ನಾನು ಕೇಳಿದ್ದೇನೆ, ನೀನೂ ಕೇಳಬೇಕು.

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಆ ಹಗ್ಗದಿಂದಲೇ ತೊಲೆಗೆ ನೇತುಹಾಕಿದರು. ಭುಜದ ಕೀಲು ಕಿತ್ತ ಸದ್ದು ತನಗೇ ಕೇಳಿಸಿತಂತೆ. ಕೆಳಗಿಳಿಸಿ ಅಂಗಾಲಿಗೆ ಹೊಡೆದರು, ಊದಿದ ಕಾಲಲ್ಲಿ ಜಲ್ಲಿಯ ಮೇಲೆ ಓಡಿಸಿದರು. ನಾಲ್ಕನೇ ದಿನ ಬಲಗೈಯ ಬೆರಳುಗಳನ್ನು ಬೆಂಚಿನ ಕಾಲಡಿ ಇಟ್ಟು, ಬೆಂಚಿನ ಮೇಲೆ ಒಬ್ಬ ಕೂತು ಬೀಡಿ ಹಚ್ಚಿದ. ಬೀಡಿ ಮುಗಿಯುವ ತನಕ ಕೂತಿದ್ದ. ಮೂರು ಬೆರಳು ಮುರಿದವು.

ಕೇಳುತ್ತಿದ್ದದ್ದು ಒಂದೇ. 'ಹಾಸ್ಟೆಲ್ ಬಿಟ್ಟು ಹದಿನೈದು ದಿನ ಎಲ್ಲಿಗ್ ಹೋಗಿದ್ಯೋ? ಕಾಡಿಗೆ ಅಕ್ಕಿ ಹೊತ್ಕೊಂಡು ಹೋಗಿದ್ಯಾ?' ಇವನು, 'ಮನೇಲಿ ಜರ ಬಂದು ಮನ್ಗಿದ್ದಿ ಸಾ, ನಮ್ಮಪ್ಪ ರಜಾ ಬರ್ದು ಕಳ್ಸವ್ರ' ಅನ್ನುತ್ತಿದ್ದ. 'ಸುಳ್ಳು ಬೊಗಳ್ತೀಯಾ? ರಜಾ ಇಲ್ದೆ ನಾಪತ್ತೆ ಅಂತ ನಿಮ್ ಯೂನಿವರ್ಸಿಟೀನೇ ಬರ್ದಿದೆ ಕಣೋ' ಎಂದು ಮತ್ತೆ ಎತ್ತುತ್ತಿದ್ದರು. ಹತ್ತೊಂಬತ್ತು ದಿನ ಅವನು ನಿಜವನ್ನೇ ಹೇಳಿದ. ನಿಜ ಹೇಳಿದಾಗಲೆಲ್ಲ ಏಟು ಜಾಸ್ತಿಯಾಯಿತು.

ಇಲ್ಲಿ ಟಿಬೆಟಿಯನ್ನರ ಕಾಲೋನಿಯ ವೃದ್ಧ ವೈದ್ಯರೊಬ್ಬರು ಬೆರಳಿಗೆ ಪಟ್ಟಿ ಕಟ್ಟಿದ್ದಾರೆ. ಅವರಿಂದ ನಿಮಗೆ ಬೇಕಾದ ಪ್ರಮಾಣಪತ್ರ ಬರುವುದಿಲ್ಲ. ಸರ್ಕಾರಿ ಡಾಕ್ಟರು ಕೈ ನೋಡಿದವರೇ, 'ಇದ್ ಪೊಲೀಸ್ ಕೇಸಾಯ್ತದ ಮೇಷ್ಟ್ರೇ, ನಾನು ಠಾಣೆಗೆ ತಿಳಿಸ್ಬೇಕಾಯ್ತದ' ಎಂದು ಬಾಗಿಲು ತೋರಿಸಿದರು. ಯಾರನ್ನು ಕಂಡು ಓಡಿ ಬಂದೆವೋ ಅವರಿಗೇ ತಿಳಿಸುತ್ತಾರಂತೆ.

ಈಗ ನನ್ನ ಪ್ರಶ್ನೆಗೆ ಉತ್ತರ ಹೇಳು. ಜನವರಿ ಹದಿನೈದಕ್ಕೇ ನಾನು ಹಾಸ್ಟೆಲಿಗೆ ರಜೆಯ ಕಾಗದ ಹಾಕಿದ್ದೆ. ಹಾಗಿದ್ದ ಮೇಲೆ ನಾಪತ್ತೆ ಎಂದು ಬರೆದವನು ಯಾರು? ನಿಮ್ಮ ಕಟ್ಟಡದೊಳಗೇ ಇದ್ದಾನೆ. ಕಡತ ತೆಗೆದು ನೋಡಿ ಅವನ ಹೆಸರು ಬರೆ. ಮಿಕ್ಕಿದ್ದು ನನಗೆ ಬಿಡು.

ಗುರುಸಿದ್ದಯ್ಯ

*

ಮಾಂಬಳ್ಳಿ
28 ಮಾರ್ಚ್ 1994

ಗುರುಸಿದ್ದಯ್ಯ,

ಹನ್ನೊಂದು ದಿನ ತಡವಾಯಿತು. ಕಡತ ಸಿಗಲಿಲ್ಲ ಎಂದು ಬರೆಯಬಹುದಿತ್ತು. ಆ ಕಡತ ನನ್ನ ಮೇಜಿನ ಎಡಗಡೆಯ ಖಾನೆಯಲ್ಲೇ ಇತ್ತು.

ನಾನೇ ಬರೆದೆ.

ಐದು ವರ್ಷದ ಹಿಂದೆ ನಮ್ಮ ಹಾಸ್ಟೆಲಿನಲ್ಲಿ ಚೂರಿ ಇರಿತವಾಗಿ ಒಬ್ಬ ಸತ್ತ. ಅಂದಿನಿಂದ ಒಂದು ಸುತ್ತೋಲೆ ಜಾರಿಯಲ್ಲಿದೆ. ಹತ್ತು ದಿನಕ್ಕೆ ಮೀರಿ ರಜೆಯಿಲ್ಲದೆ ಕಾಣದ ವಿದ್ಯಾರ್ಥಿಯ ಹೆಸರು, ಊರು, ವಿಳಾಸವನ್ನು ಪೊಲೀಸರಿಗೆ ತಿಳಿಸಬೇಕು. ತಿಂಗಳಿಗೊಂದು ಪಟ್ಟಿ ಹೋಗುತ್ತದೆ. ಅದು ಎಲ್ಲಿ ಹೋಗಿ ಬೀಳುತ್ತದೆ ಎಂದು ನಾವ್ಯಾರೂ ಯೋಚಿಸಿದವರಲ್ಲ. ಜನವರಿ ಇಪ್ಪತ್ತೆಂಟರ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. 'ಮೇಲ್ಕಂಡ ವಿದ್ಯಾರ್ಥಿಯು ರಜೆಯ ಅನುಮತಿ ಪಡೆಯದೆ ಹಾಸ್ಟೆಲಿನಿಂದ ಕಾಣೆಯಾಗಿರುತ್ತಾನೆ. ಕಾಡಂಚಿನ ಗ್ರಾಮದವನು. ತಮ್ಮ ಅವಗಾಹನೆಗೆ.' ಕೆಳಗೆ, ನಿರ್ದೇಶಕರ ಪರವಾಗಿ, ನನ್ನ ಸಹಿ. ಕಾಡಂಚಿನ ಗ್ರಾಮ ಎಂದು ಬರೆಯಬೇಕೆಂದು ಸುತ್ತೋಲೆಯಲ್ಲಿ ಇಲ್ಲ. ವಿಳಾಸ ಸ್ಪಷ್ಟವಾಗಲಿ ಎಂದು ಬರೆದೆ. ಈಗ ಹಾಗೆ ಹೇಳಿಕೊಳ್ಳುತ್ತಿದ್ದೇನೆ.

ಇಷ್ಟಕ್ಕೇ ಮುಗಿದಿದ್ದರೆ ಗುಮಾಸ್ತನ ಕೆಲಸ ಎಂದು ಕೈತೊಳೆಯಬಹುದಿತ್ತು. ಮುಗಿಯುವುದಿಲ್ಲ. ನಿನ್ನ ರಜೆಯ ಕಾಗದ ಹದಿನೇಳನೇ ತಾರೀಖೇ ನನ್ನ ಮೇಜಿಗೆ ಬಂತು. ಬಿಳಿ ಹಾಳೆಯಲ್ಲಿ ಬರೆದಿದ್ದೆ, ಅಚ್ಚಾದ ನಮೂನೆಯಲ್ಲಿ ಅಲ್ಲ. ಅಂಥ ಕಾಗದ ವಾರಕ್ಕೆ ನಾಲ್ಕು ಬರುತ್ತವೆ. ನಮೂನೆಯೊಂದನ್ನು ಲಗತ್ತಿಸಿ ಹಿಂದಕ್ಕೆ ಕಳಿಸುವುದು ವಾಡಿಕೆ. ನಾನು ಕಳಿಸಲಿಲ್ಲ. ನಿನ್ನ ಅಕ್ಷರ ನೋಡಿದೆ ಗುರುಸಿದ್ದಯ್ಯ. ಆ ಬಾಲ ಎಳೆದ 'ಳ' ನೋಡುತ್ತಿದ್ದಂತೆ ಬಸ್ ನಿಲ್ದಾಣದಲ್ಲಿ ನಕ್ಕ ಜನರೆಲ್ಲ ಕಣ್ಣ ಮುಂದೆ ಬಂದರು. 'ನಿಗದಿತ ನಮೂನೆಯಲ್ಲಿಲ್ಲ, ಕಡತಕ್ಕೆ' ಎಂದು ಅಂಚಿನಲ್ಲಿ ಬರೆದು ಒಳಗೆ ಸೇರಿಸಿದೆ. ಮೇಷ್ಟ್ರು ತಾನೇ ಬಂದು ನನ್ನ ಕಿಟಕಿ ಮುಂದೆ ನಿಲ್ಲಲಿ ಎಂದುಕೊಂಡೆ. ಅಷ್ಟೇ ನನಗೆ ಬೇಕಿದ್ದದ್ದು. ನೀನು ಬರಲಿಲ್ಲ, ಜೀಪು ಹೋಯಿತು.

ನೀನು ಹೆಸರು ಕೇಳಿದ್ದೆ, ಬರೆದಿದ್ದೇನೆ. ಮಿಕ್ಕಿದ್ದು ನಿನಗೆ ಬಿಟ್ಟಿದ್ದೇನೆ.

ಶಿವರುದ್ರಸ್ವಾಮಿ

*

ಒಡೆಯರಪಾಳ್ಯ
4 ಏಪ್ರಿಲ್ 1994

ಶಿವರುದ್ರ,

ನಿನ್ನೆ ಭಾನುವಾರ ನಿನ್ನನ್ನು ಕಡಿಯಲು ಮಾಂಬಳ್ಳಿಗೆ ಬಂದಿದ್ದೆ.

ಮಾತಿಗೆ ಹೇಳುತ್ತಿಲ್ಲ. ಸೌದೆ ಕಡಿಯುವ ಮಚ್ಚನ್ನು ಶನಿವಾರ ಸಂಜೆ ಸಾಣೆ ಹಿಡಿದೆ, ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟೆ. ಹನೂರಿನಿಂದ ಕೊಳ್ಳೇಗಾಲಕ್ಕೆ ಬರುವ ತನಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಲೆಕ್ಕ ಹಾಕುತ್ತಿದ್ದೆ: ಕುತ್ತಿಗೆಗೋ, ಬಲಗೈಗೋ. ಸಹಿ ಹಾಕಿದ ಕೈಯನ್ನು ಮೊದಲು ತೆಗೆಯಬೇಕು ಎಂದು ನಿರ್ಧಾರ ಮಾಡಿದೆ. ನಿನ್ನ ಬೀದಿ ಮರೆತಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆ ಇರಬೇಕು. ಬಾಗಿಲು ತೆರೆದಿತ್ತು. ನೀನು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದೆ, ಬೀದಿಗೆ ಬೆನ್ನಾಗಿ. ಹತ್ತು ಹೆಜ್ಜೆ ದೂರ. ಚೀಲದೊಳಗೆ ಕೈ ಹಾಕಿ ಹಿಡಿಯನ್ನು ಹಿಡಿದೇ ನಿಂತೆ. ನಿನ್ನ ತಾಯಿ ಇನ್ನೂ ಇದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಅವರು ನಿನಗೆ ರಾಗಿರೊಟ್ಟಿ ಮುರಿದು ಹಾಕುತ್ತಾ, 'ಇನ್ನೂ ಆ ಕಡೇಲೇ ಅಗೀತಿಯಲ್ಲ ಮಗ, ಈ ಕಡೆ ನೋವು ಓಗೇ ಇಲ್ವಾ?' ಅಂದರು. ನೀನು ಅವರ ಕಡೆ ತಿರುಗಿದಾಗ ಪಕ್ಕದಿಂದ ನಿನ್ನ ದವಡೆ ಕಾಣಿಸಿತು. ಬಲಗಡೆ ಮಾತ್ರ ಆಡುತ್ತಿತ್ತು.

ಹತ್ತು ವರ್ಷ ಅಗಿದದ್ದು ಅದೇ ಒಂದು ಕಡೆಯಲ್ಲಿ.

ನಿನ್ನನ್ನು ಕ್ಷಮಿಸಿ ತಿರುಗಿದೆ ಅಂದುಕೊಳ್ಳಬೇಡ. ನಿನ್ನನ್ನು ಕಡಿದರೆ ಇನ್ನೊಬ್ಬನನ್ನೂ ಕಡಿಯಬೇಕಾಗಿತ್ತು, ಅವನು ನಾನೇ. ಕೇಳು. ರಜೆಯ ಅಚ್ಚಾದ ನಮೂನೆಯನ್ನು ಮಲ್ಲಿ ಹಾಸ್ಟೆಲಿನಿಂದ ತಂದೇ ಇದ್ದ. ಜ್ವರದಲ್ಲಿ ನಡುಗುತ್ತಾ, 'ಇದಕ್ಕ ಒಂದು ಸಯಿ ಆಕ್ಬುಡಪ್ಪ, ಅವ್ರು ಬರೇ ಆಳೆ ತಕ್ಕಳಲ್ಲ' ಅಂದ. ಆ ಆಫೀಸಿನ ಯಾವ ಫಾರಂಗೂ ಸಾಯುವ ತನಕ ಸಹಿ ಹಾಕುವುದಿಲ್ಲ ಎಂದು ನಾನು ಬಸ್ ನಿಲ್ದಾಣದಲ್ಲೇ ಶಪಥ ಮಾಡಿದ್ದೆನಲ್ಲ, ಅವನ ಮುಂದೆಯೇ ಅದನ್ನು ಹರಿದು ಒಲೆಗೆ ಹಾಕಿದೆ. ಬಿಳಿ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ, ನೀನು ಗುರುತು ಹಿಡಿಯಲಿ ಎಂದೇ ಬರೆದೆ. ನೀನು ಹಿಡಿದೆ. ನಮ್ಮಿಬ್ಬರ ಜಿದ್ದಿಗೆ ಹುಡುಗನ ಬೆರಳು ಹೋಯಿತು. ಕೋಣಗಳೆರಡು ಹೋರಾಡಿ ಗಿಡುವಿಗೆ ಮಿತ್ತು ಅನ್ನುವುದನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ನಾಚಿಕೆಯಾಗಬೇಕು ನನಗೆ.

ಇದನ್ನು ಮಲ್ಲಿಗೆ ಹೇಳಿದ್ದೇನೆ, ನಿನ್ನ ಕಾಗದವನ್ನೂ ಕೊಟ್ಟಿದ್ದೇನೆ. ಅವನು ದಿನವಿಡೀ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾನೆ. ಪರೀಕ್ಷೆಗೆ ಬರೆಯಲು ಇನ್ನೊಬ್ಬರನ್ನು ಇಟ್ಟುಕೊಳ್ಳಬಹುದಂತೆ, ಆದರೆ ಕೈ ಹೇಗೆ ಮುರಿಯಿತು ಎಂದು ಡಾಕ್ಟರು ಬರೆದು ಕೊಡಬೇಕಂತೆ. ನೀನು ಕಳಿಸಿದ ಪುಸ್ತಕದಲ್ಲಿ ತೋರಿಸಿದ, ನಕ್ಕ. ಕ್ಯಾಂಪಿನಿಂದ ಬಂದ ಮೇಲೆ ನಕ್ಕದ್ದು ಅದೊಂದೇ ಸಲ.

ನನಗೆ ಹೇಳಿದ್ದನ್ನು ನಿನ್ನ ಕಡತದಲ್ಲಿ ಬರೆ. ನೀನು ಗಂಡಸಾಗಿದ್ದರೆ ಬರೆ. ಇಲ್ಲದಿದ್ದರೆ ಮಚ್ಚು ಇಲ್ಲೇ ಸೂರಿನಲ್ಲಿದೆ.

ಗುರುಸಿದ್ದಯ್ಯ

*

ಮಾಂಬಳ್ಳಿ
13 ಏಪ್ರಿಲ್ 1994

ಗುರುಸಿದ್ದಯ್ಯ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಕಛೇರಿಯ ಜವಾನ ಮುತ್ತಯ್ಯ ಕೈಯಲ್ಲಿ ತಂದು ಕೊಡುತ್ತಾನೆ. ಅವನಿಗೆ ಊಟ ಹಾಕಿ ಕಳಿಸು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ಊದಿ ಮುಚ್ಚಿದೆ.

ಏಳನೇ ತಾರೀಖು ಮಲ್ಲಿಕಾರ್ಜುನನ ಕಡತದಲ್ಲಿ ಟಿಪ್ಪಣಿ ಬರೆದೆ. ಟಿಪ್ಪಣಿ ಹಾಳೆಗಳಿಗೆ ಪುಟಸಂಖ್ಯೆ ಇರುತ್ತದೆ. ನನ್ನದು ಹದಿನಾಲ್ಕನೆಯ ಪುಟ. ರಜೆಯ ಕಾಗದ ಬಂದದ್ದು, ನಾನು ಅದನ್ನು ಅದುಮಿಟ್ಟದ್ದು, ನನ್ನ ಪತ್ರವನ್ನು ಹಿಡಿದು ಪೊಲೀಸರು ಅವನನ್ನು ಒಯ್ದದ್ದು, ಹತ್ತೊಂಬತ್ತು ದಿನ ಹೊಡೆದದ್ದು, ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದೆ. ಈ ಗೈರುಹಾಜರಿ ಕಛೇರಿಯ ತಪ್ಪಿನಿಂದ ಆದದ್ದು, ಆದ್ದರಿಂದ ಹಾಜರಿ ಎಂದೇ ಪರಿಗಣಿಸಬೇಕು ಎಂದು ಮುಗಿಸಿ ಸಹಿ ಹಾಕಿದೆ. ಇಪ್ಪತ್ತು ವರ್ಷದಲ್ಲಿ ನಾನು ಬರೆದ ಟಿಪ್ಪಣಿಗಳಲ್ಲಿ ಕರ್ತೃಪದ 'ನಾನು' ಎಂದಿರುವುದು ಅದೊಂದೇ.

ನಿರ್ದೇಶಕರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. 'ಏನ್ರೀ ಇದು, ಮನೆಗೆ ಬೆಂಕಿ ಇಡ್ತೀರಾ?' ಎಂದು ಫೋನು ಎತ್ತಿಕೊಂಡರು. ನನ್ನನ್ನು ಆಚೆ ಕಳಿಸಿದರು.

ಒಂಬತ್ತರ ಬೆಳಿಗ್ಗೆ ಎಂಟು ಗಂಟೆಗೆ ಮಾಂಬಳ್ಳಿಯ ಬಸ್ ಸ್ಟಾಪಿನಲ್ಲಿ ಊಟದ ಡಬ್ಬಿ ಹಿಡಿದು ನಿಂತಿದ್ದೆ. ಜೀಪು ಬಂತು. ಸ್ಟಾಪಿನಲ್ಲಿ ಹತ್ತು ಜನ ಪರಿಚಯದವರಿದ್ದರು, ಎಲ್ಲರೂ ನೆಲ ನೋಡಿದರು. ನಾನಾದರೂ ಹಾಗೇ ನೋಡುತ್ತಿದ್ದೆ.

ನನಗೆ ತೊಲೆಯ ಭಾಗ್ಯ ಬರಲಿಲ್ಲ. ಸರ್ಕಾರಿ ಸಂಬಳದವನು ಎಂದು ರಿಯಾಯಿತಿ. ಒಬ್ಬ ಅಧಿಕಾರಿ ನನ್ನ ಜನವರಿ ಇಪ್ಪತ್ತೆಂಟರ ಪತ್ರವನ್ನು ನನ್ನ ಕೈಗೇ ಕೊಟ್ಟ. 'ಇದು ನಿನ್ನ ಸೈನೇ ತಾನೆ? ಓದು' ಅಂದ. ಓದಿದೆ. ಒಂದು ಸಾಲು ಮುಗಿದ ಕೂಡಲೇ ಹಿಂದೆ ನಿಂತವನು ಬೆನ್ನಿಗೆ ಒಂದು ಬಿಟ್ಟ. 'ಜೋರಾಗಿ ಓದು.' ಓದಿದೆ, ಇನ್ನೊಂದು ಬಿತ್ತು. 'ನೀನೇ ಬರ್ದು ಕಳಿಸಿ, ಈಗ ನಮ್ ಮೇಲೇ ಬರೀತೀಯಾ?' ಎರಡು ದಿನ ಅದೊಂದೇ ಕಾಗದ ಓದಿಸಿದರು. ಕೊನೆಗೆ ಹಾಳೆ ನೋಡುವ ಅಗತ್ಯವೇ ಇರಲಿಲ್ಲ. 'ಕಾಡಂಚಿನ ಗ್ರಾಮದವನು' ಅನ್ನುವಲ್ಲಿಗೆ ಬಂದಾಗಲೆಲ್ಲ ಮುಖಕ್ಕೇ ಹೊಡೆಯುತ್ತಿದ್ದರು. ಅವರಿಗೆ ಗೊತ್ತಿದ್ದೇ ಹಾಗೆ ಮಾಡಿದರೋ ಇಲ್ಲವೋ, ಏಟು ಬೀಳಬೇಕಾದ ಜಾಗ ಅದೇ ಆಗಿತ್ತು. ಬಲಗಡೆಯ ಎರಡು ಹಲ್ಲು ಹೋದವು. ಇನ್ನು ಯಾವ ಕಡೆ ಅಗಿಯಬೇಕು ಎಂದು ಅಮ್ಮ ಕೇಳುತ್ತಿದ್ದಾಳೆ.

ನಿನ್ನೆ ಕಛೇರಿಗೆ ಹೋದೆ. ನಿರ್ದೇಶಕರು ನನ್ನ ಮುಖ ನೋಡದೆ ಮಾತಾಡಿದರು. ಕಡತದಿಂದ ಹದಿನಾಲ್ಕನೆಯ ಪುಟ ತೆಗೆಯುತ್ತಾರಂತೆ. ಕಾಮಾಲೆ ಎಂದು ನಿಗದಿತ ನಮೂನೆಯಲ್ಲಿ ತಂದೆಯ ಸಹಿಯಿರುವ ಅರ್ಜಿ ಬಂದರೆ ಅದೇ ದಿನ ಮನ್ನಾ, ಅದೇ ದಿನ ಹಾಲ್ ಟಿಕೆಟ್. ಬರದಿದ್ದರೆ ಹುಡುಗನಿಗೆ ಪರೀಕ್ಷೆಯಿಲ್ಲ, ನನಗೆ ಅಮಾನತು. ನನ್ನ ಎದುರಿಗೇ ಪುಟ ಕಿತ್ತು ಮುತ್ತಯ್ಯನ ಕೈಗೆ ಕೊಟ್ಟು ಸುಟ್ಟು ಬಾ ಅಂದರು. ಮುತ್ತಯ್ಯ ಹಿತ್ತಲಿಗೆ ಹೋಗಿ ಬಂದು, 'ಬೂದಿ ಆಯ್ತು ಸಾ' ಅಂದ. ಸಂಜೆ ನನ್ನ ಊಟದ ಡಬ್ಬಿ ತೆರೆದರೆ ಪುಟ ಅದರೊಳಗಿತ್ತು. ಅವನು ಸುಟ್ಟದ್ದು ಹಳೆಯ ಕ್ಯಾಲೆಂಡರ್ ಅಂತೆ.

ಖಾಲಿ ನಮೂನೆ, ಹದಿನಾಲ್ಕನೆಯ ಪುಟ, ಎರಡನ್ನೂ ಕಳಿಸಿದ್ದೇನೆ. ನಮೂನೆಗೆ ಸಹಿ ಹಾಕಿದರೆ ಪುಟವನ್ನು ಸುಟ್ಟುಬಿಡು, ಸಿಕ್ಕಿಬಿದ್ದರೆ ಎರಡು ಮನೆಯೂ ಹಾಳು. ಹಾಕದಿದ್ದರೆ ಪುಟವನ್ನು ಏನು ಬೇಕಾದರೂ ಮಾಡು, ನಾನು ಅದರಲ್ಲಿ ಬರೆದ ಮಾತಿಗೆ ತಪ್ಪುವುದಿಲ್ಲ. ನಿನಗೆ ಏನು ಮಾಡು ಎಂದು ಹೇಳುವ ಯೋಗ್ಯತೆ ನನಗಿಲ್ಲ.

ಶಿವರುದ್ರಸ್ವಾಮಿ

*

ಒಡೆಯರಪಾಳ್ಯ
12 ಜೂನ್ 1994

ಚಿಕ್ಕಪ್ಪನವರಿಗೆ ಮಲ್ಲಿಕಾರ್ಜುನಸ್ವಾಮಿ ಮಾಡುವ ನಮಸ್ಕಾರಗಳು.

ಚಿಕ್ಕವನಿದ್ದಾಗ ಕರೆಯುತ್ತಿದ್ದ ಹಾಗೆಯೇ ಕರೆದಿದ್ದೇನೆ. ಎಡಗೈ ಬರಹ, ನಿಧಾನವಾಗಿ ಓದಿಕೊಳ್ಳಿ.

ಏಪ್ರಿಲ್ ಹದಿನೆಂಟರಂದು ಅಪ್ಪ ಆ ನಮೂನೆಯನ್ನು ಮುಂದಿಟ್ಟುಕೊಂಡು ಬೆಳಿಗ್ಗೆಯಿಂದ ಸಂಜೆಯ ತನಕ ಕೂತಿದ್ದರು. ಊಟಕ್ಕೂ ಏಳಲಿಲ್ಲ. ಸಹಿ ಹಾಕಬೇಡಿ ಎಂದು ನಾನು ಹೇಳಿದೆ. ಅವ್ವ ನನ್ನ ಕೆನ್ನೆಗೆ ಹೊಡೆದಳು. ಹುಟ್ಟಿದಂದಿನಿಂದ ಅವಳು ನನ್ನ ಮೇಲೆ ಕೈ ಎತ್ತಿದ್ದು ಅದೇ ಮೊದಲು. 'ನಿಮ್ಮಪ್ಪನ ರೋಸಕ್ಕ ನಿನ್ ಬೆರಳು ಓಯ್ತು, ಈಗ ನಿನ್ ರೋಸಕ್ಕ ಇನ್ಯಾನ ಓಗ್ಬೇಕ್ಲಾ?' ಅಂದಳು. ಆ ಮಾತಿಗೆ ಅಪ್ಪ ಪೆನ್ನು ಎತ್ತಿಕೊಂಡರು. ಕಾರಣ ಎಂಬಲ್ಲಿ ಕಾಮಾಲೆ ಎಂದು ಬರೆದರು, ಸಹಿ ಹಾಕಿದರು, ಮುಖ ಮುಚ್ಚಿಕೊಂಡು ಅತ್ತರು. ಪುಟವನ್ನು ಸುಡಲು ನನ್ನ ಕೈಗೆ ಕೊಟ್ಟರು.

ನಾನು ಸುಡಲಿಲ್ಲ. ನೀವು ಕಳಿಸಿದ ನಿಯಮಾವಳಿಯನ್ನು ಅಷ್ಟು ದಿನ ಮಲಗಿದಲ್ಲೇ ಓದಿದ್ದೆ. ನಾಲ್ಕು ಪತ್ರಿಕೆಗಳನ್ನು ನೆಟ್ಟಗೆ ಬರೆದೆ. ಎಡಗೈಗೆ ಮೂರು ಗಂಟೆ ಸಾಲದು, ಗೊತ್ತಿದ್ದದ್ದರಲ್ಲಿ ಅರ್ಧ ಬರೆದಿರಬಹುದು. ಐದನೆಯದು ಕೊನೆಯ ಪತ್ರಿಕೆ. ಅವತ್ತು ಹೆಚ್ಚುವರಿ ಹಾಳೆ ಒಂದು ಕೇಳಿ ತೆಗೆದುಕೊಂಡೆ. ಅದರ ಒಳಗೆ ಹದಿನಾಲ್ಕನೆಯ ಪುಟವನ್ನಿಟ್ಟು, ಉತ್ತರಪತ್ರಿಕೆಗೆ ಸೇರಿಸಿ ದಾರ ಕಟ್ಟಿದೆ. ಪುಟದ ಕೆಳಗೆ ಒಂದು ಸಾಲು ಸೇರಿಸಿದೆ: ಕಾಮಾಲೆ ಎಂಬುದು ಸುಳ್ಳು, ಮೇಲೆ ಬರೆದಿರುವುದು ನಿಜ. ಮೇಲ್ವಿಚಾರಕರು ಹಾಳೆ ಎಣಿಸಿ, ಮುದ್ರೆ ಒತ್ತಿ, ಉತ್ತರಪತ್ರಿಕೆಗಳ ಕಟ್ಟಿಗೆ ಸೇರಿಸಿದರು. ಒಮ್ಮೆ ಮೊಹರಾದ ಉತ್ತರಪತ್ರಿಕೆಯಿಂದ ಒಂದು ಹಾಳೆಯನ್ನೂ ತೆಗೆಯುವ ಅಧಿಕಾರ ಯಾರಿಗೂ ಇಲ್ಲ, ನಿರ್ದೇಶಕರಿಗೂ ಇಲ್ಲ.

ಅದು ಪರೀಕ್ಷಾ ಅಕ್ರಮ ಎಂದು ಗೊತ್ತಿದ್ದೇ ಮಾಡಿದೆ. ಮೌಲ್ಯಮಾಪಕರು ಹಿಡಿದು ವರದಿ ಕಳಿಸಿದ್ದಾರೆ. ನಿನ್ನೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಬಂತು. ಎರಡು ವರ್ಷ ಪರೀಕ್ಷೆಯಿಂದ ಹೊರಗಿಡಬಹುದು. ಆದರೆ ಅದಕ್ಕೆ ಮೊದಲು ವಿಚಾರಣಾ ಸಮಿತಿ ಕೂಡಬೇಕು. ಮೂರು ಜನ ಸದಸ್ಯರ ಎದುರಿಗೆ ಆಕ್ಷೇಪಾರ್ಹ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು, ವಿದ್ಯಾರ್ಥಿಯ ಹೇಳಿಕೆ ಬರೆದುಕೊಳ್ಳಬೇಕು, ಎರಡನ್ನೂ ವಿಶ್ವವಿದ್ಯಾಲಯದ ಕುಲಸಚಿವರಿಗೆ ಕಳಿಸಬೇಕು. ಮೂವತ್ತೊಂದನೇ ನಿಯಮ. ನೀವೇ ಅದರ ಪಕ್ಕದಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದೀರಿ. ಯಾವಾಗ ಎಳೆದದ್ದೋ, ಯಾಕೆ ಎಳೆದದ್ದೋ ನನಗೆ ಗೊತ್ತಿಲ್ಲ.

ವಿಷಯ ತಿಳಿದು ಅಪ್ಪ ಒಂದು ಗಂಟೆ ಬೈದರು. ಆಮೇಲೆ ಸೂರಿನಿಂದ ಮಚ್ಚು ತೆಗೆದು ಹಿತ್ತಲಲ್ಲಿ ಸೌದೆ ಕಡಿದರು, ಮಳೆಗಾಲಕ್ಕೆ ಸಾಕಾಗುವಷ್ಟು ಕಡಿದರು. ಈಗ ಅವರೂ ನನ್ನ ಜೊತೆ ವಿಚಾರಣೆಗೆ ಬರುತ್ತಾರಂತೆ. ಅವತ್ತು ಬಾಗಿಲಲ್ಲಿ ಜೀಪೂ ನಿಂತಿರಬಹುದು. ನಾನು ಹೆದರಿಲ್ಲ ಎಂದರೆ ಸುಳ್ಳಾಗುತ್ತದೆ. ಜೀಪಿನ ಸದ್ದು ಕೇಳಿದರೆ ಈಗಲೂ ಉಚ್ಚೆ ಬರುತ್ತದೆ.

ಸಮಿತಿ ಕೂಡುವುದು ಇಪ್ಪತ್ತನೇ ತಾರೀಖು ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ನೋಟೀಸಿನ ಜೊತೆ ಒಂದು ನಮೂನೆ ಇತ್ತು. ಅದರಲ್ಲಿ ಸಾಕ್ಷಿಯ ಹೆಸರು ಬರೆಯಬೇಕಿತ್ತು. ನಿಮ್ಮ ಹೆಸರು ಬರೆದು ಕಳಿಸಿದ್ದೇನೆ.

ನಿಮ್ಮನ್ನು ಕೇಳದೆ ಬರೆದೆ. ನೀವೂ ನನ್ನನ್ನು ಕೇಳದೆಯೇ ನನ್ನ ಹೆಸರು ಬರೆದಿದ್ದಿರಿ.

ಇಂತಿ,
ಮಲ್ಲಿಕಾರ್ಜುನಸ್ವಾಮಿ